ವಾಪಸ್ ಚೀಲಕ್ಕೆ ಹೋದ ನಾಣ್ಯ

ಪ್ರೇಕ್ಷಕರನ್ನು ಯೋಚನೆಗೆ ಹಚ್ಚುವ ರಂಗತಂತ್ರಗಳ ಬಗ್ಗೆ ರಂಗಾಸಕ್ತರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಅಲ್ಲಿ ಎದ್ದು ನಿಂತು ಮಾಡಿ ತೋರಿಸಿದ್ದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಆಡಿದ ಹಾಗೇ ಇದೆ.

ಎಲ್ಲರಿಗೂ ನಮಸ್ಕಾರ. ಒಂದು ನಾಣ್ಯದಿಂದ ಶುರು ಮಾಡುತ್ತೇನೆ.

1949ರ ಜನವರಿ. ಬರ್ಲಿನ್ನಿನಲ್ಲಿ ಜನ ಬಾಂಬು ಬಿದ್ದು ಕುಸಿದ ಮನೆಗಳ ನಡುವೆಯೇ ಬದುಕುತ್ತಿದ್ದಾರೆ. ಅಲ್ಲಿನ ಡಾಯ್ಚಸ್ ಥಿಯೇಟರಿನಲ್ಲಿ ಜರ್ಮನ್ ನಾಟಕಕಾರ ಬರ್ಟೋಲ್ಟ್ ಬ್ರೆಕ್ಟ್ ತನ್ನ 'ಮದರ್ ಕರೇಜ್' ನಾಟಕ ಆಡಿಸುತ್ತಾನೆ. ಕಥೆ ನಡೆಯುವುದು 17ನೇ ಶತಮಾನದಲ್ಲಿ, ಯುರೋಪಿನ ಮೂವತ್ತು ವರ್ಷಗಳ ಯುದ್ಧದ ಕಾಲದಲ್ಲಿ. ಸೈನ್ಯದ ಹಿಂದೆ ಹಿಂದೆ ಬಂಡಿ ಎಳೆದುಕೊಂಡು ಹೋಗಿ ಸಾಮಾನು ಮಾರುವ ಒಬ್ಬ ಹೆಂಗಸು. ಯುದ್ಧ ಇದ್ದರೆ ಅವಳಿಗೆ ವ್ಯಾಪಾರ. ಅದೇ ಯುದ್ಧ ಅವಳ ಮೂರೂ ಮಕ್ಕಳನ್ನು ಒಬ್ಬೊಬ್ಬರಾಗಿ ನುಂಗುತ್ತದೆ. ಕೊನೆಗೆ ಮಾತು ಬಾರದ ಮಗಳೂ ಗುಂಡೇಟಿಗೆ ಸಾಯುತ್ತಾಳೆ. ಸೈನ್ಯ ಮುಂದೆ ಹೊರಟಿದೆ. ತಾಯಿ ಅದರ ಹಿಂದೆ ಓಡಬೇಕು. ಮಗಳನ್ನು ಮಣ್ಣು ಮಾಡಲು ಅಲ್ಲಿನ ರೈತರಿಗೆ ದುಡ್ಡು ಕೊಡಬೇಕು. ಚೀಲಕ್ಕೆ ಕೈ ಹಾಕಿ ನಾಣ್ಯ ತೆಗೆಯುತ್ತಾಳೆ. ಅದರಲ್ಲಿ ಒಂದನ್ನು ವಾಪಸ್ ಚೀಲಕ್ಕೆ ಹಾಕಿ, ಉಳಿದದ್ದನ್ನು ಕೊಡುತ್ತಾಳೆ.

ಆ ಪಾತ್ರ ಮಾಡಿದ್ದು ಹೆಲೆನೆ ವೈಗೆಲ್. ಆಕೆ ಮಾಡಿದ್ದು ಅಷ್ಟೇ, ಒಂದು ನಾಣ್ಯ ವಾಪಸ್ ಹಾಕಿದ್ದು. ಆದರೆ ಅಲ್ಲಿಯವರೆಗೆ 'ಅಯ್ಯೋ ಪಾಪ' ಅಂತ ಕೂತಿದ್ದವನಿಗೆ ಏನೋ ಚುಚ್ಚುತ್ತದೆ. ಈಗಲೂ ಲೆಕ್ಕವಾ? ಹೆತ್ತ ಮಗಳ ಹೆಣದ ಮುಂದೆಯೂ? ಮರುಕ್ಷಣವೇ ಇನ್ನೊಂದು ಯೋಚನೆ. ಲೆಕ್ಕ ಹಾಕದೆ ಅವಳು ಇಷ್ಟು ದಿನ ಬದುಕಿದ್ದಾದರೂ ಹೇಗೆ? ಆ ಲೆಕ್ಕವನ್ನು ಅವಳಿಗೆ ಕಲಿಸಿದ್ದು ಯಾರು? ಪ್ರೇಕ್ಷಕ ಅಳಲೂ ಆಗದೆ, ಬೈಯಲೂ ಆಗದೆ ಸಿಕ್ಕಿಹಾಕಿಕೊಳ್ಳುತ್ತಾನೆ. ನಾನು ಇವತ್ತು ಮಾತಾಡಬೇಕು ಅಂದುಕೊಂಡಿರುವುದು ಈ ಸಿಕ್ಕಿನ ಬಗ್ಗೆ.

ಪ್ರೇಕ್ಷಕರನ್ನು ಯೋಚನೆಗೆ ಹಚ್ಚುವ ರಂಗತಂತ್ರ ಅಂದ ಕೂಡಲೇ ನಮಗೆ ಒಂದು ಪಟ್ಟಿ ನೆನಪಾಗುತ್ತದೆ. ನಟ ಪಾತ್ರ ಬಿಟ್ಟು ಈಚೆ ಬಂದು ನೇರವಾಗಿ ಮಾತಾಡುವುದು, ಫಲಕ ಹಿಡಿಯುವುದು, ನಡುವೆ ಹಾಡು, ಕಾಣುವಂತೆ ಇಟ್ಟ ದೀಪಗಳು. ಇವೆಲ್ಲ ಇವೆ, ಬರುತ್ತೇನೆ. ಆದರೆ ಇವೆಲ್ಲದರ ಹಿಂದೆ ಇರುವುದು ಒಂದೇ ಕಸುಬು ಅಂತ ನನ್ನ ಅನಿಸಿಕೆ. ಬ್ರೆಕ್ಟ್ ಅದನ್ನು 'ಇದಲ್ಲ, ಅದು' ಅಂತ ಕರೆದ. ನಟ ಒಂದು ಕೆಲಸ ಮಾಡುವಾಗ ಅವನು ಮಾಡದೆ ಬಿಟ್ಟ ಇನ್ನೊಂದು ಕೆಲಸವೂ ನೋಡುವವನಿಗೆ ಕಾಣಬೇಕು. ಬಾಗಿಲ ಕಡೆ ಹೋದ ಅಂತಿಟ್ಟುಕೊಳ್ಳಿ. ಕಿಟಕಿ ಕಡೆ ಹೋಗಬಹುದಿತ್ತು, ಹೋಗಲಿಲ್ಲ ಅನ್ನುವುದೂ ಗೊತ್ತಾಗಬೇಕು. ವೈಗೆಲ್ ಎಲ್ಲ ನಾಣ್ಯವನ್ನೂ ಕೊಟ್ಟುಬಿಡಬಹುದಿತ್ತು. ಕೈ ಅಲ್ಲಿಯವರೆಗೆ ಹೋಗಿತ್ತು ಕೂಡ. ಹೋಗಿ ವಾಪಸ್ ಬಂತು. ಹಾಗೆ ವಾಪಸ್ ಬಂದದ್ದಕ್ಕೇ ನಾವು ಇವತ್ತಿಗೂ ಅದನ್ನು ಮಾತಾಡುತ್ತಿದ್ದೇವೆ.

ಇದನ್ನು ಅಭ್ಯಾಸ ಮಾಡುವುದು ಹೇಗೆ? ತಾಲೀಮಿಗೆ ಬ್ರೆಕ್ಟ್ ಮೂರು ಉಪಾಯ ಹೇಳುತ್ತಾನೆ. ನಟ ತನ್ನ ಮಾತನ್ನು 'ನಾನು' ಅನ್ನದೆ 'ಅವನು' ಅಂತ ಹೇಳಬೇಕು. ಈಗ ನಡೆಯುತ್ತಿದೆ ಅನ್ನದೆ ಆಗಿಹೋಯಿತು ಅನ್ನುವಂತೆ ಹೇಳಬೇಕು. ಮತ್ತೆ, ರಂಗಸೂಚನೆಯನ್ನೂ ಬಾಯಿಬಿಟ್ಟು ಓದಬೇಕು. ಒಂದು ಸಣ್ಣ ದೃಶ್ಯ ತಗೊಳ್ಳಿ. ಕಾರ್ಖಾನೆಯ ಸೂಪರ್‌ವೈಸರ್ ಒಬ್ಬ ಕೆಲಸಗಾರನಿಗೆ "ನಾಳೆಯಿಂದ ನೀನು ಬರೋದು ಬೇಡ" ಅನ್ನುತ್ತಾನೆ. ಸುಮ್ನೆ ಹಾಗೇ ಅಭಿನಯಿಸಿದರೆ ನಟ ಗಡಸು ದನಿ ತೆಗೆಯುತ್ತಾನೆ, ಹುಬ್ಬು ಗಂಟಿಕ್ಕುತ್ತಾನೆ. ನಮಗೊಬ್ಬ ಖಳನಾಯಕ ಸಿಗುತ್ತಾನೆ. ಈಗ ಅದನ್ನೇ ಹೀಗೆ ಹೇಳಿಸಿ: "ಸೂಪರ್‌ವೈಸರ್ ತಲೆ ಎತ್ತಲಿಲ್ಲ. ಕಾಗದದ ಮೇಲಿಂದ ಕಣ್ಣು ತೆಗೆಯದೆ ಹೇಳಿದ, ನಾಳೆಯಿಂದ ನೀನು ಬರೋದು ಬೇಡ ಅಂತ."

'ತಲೆ ಎತ್ತಲಿಲ್ಲ' ಅಂತ ತನ್ನ ಬಾಯಲ್ಲೇ ಹೇಳಿದ ನಟನಿಗೆ ಪ್ರಶ್ನೆ ಏಳುತ್ತದೆ. ಯಾಕೆ ಎತ್ತಲಿಲ್ಲ? ನಾಚಿಕೆಯಾ? ಇವತ್ತು ಹೀಗೆ ಹೇಳುತ್ತಿರುವ ಹತ್ತನೆಯವನು ಇವನಾ? ಅವನ ಮೇಲೂ ಒಬ್ಬ ಕೂತು ಪಟ್ಟಿ ಕಳಿಸಿದ್ದಾನಾ? ಆಮೇಲೆ ದೃಶ್ಯವನ್ನು ಮಾಮೂಲಿಯಾಗಿ ಆಡಿದರೂ ಈ ಪ್ರಶ್ನೆ ನಟನ ಮೈಯಲ್ಲಿ ಉಳಿದಿರುತ್ತದೆ. ತಲೆ ಅರ್ಧ ಎತ್ತಿ ನಿಲ್ಲಿಸುತ್ತಾನೆ. ಆಗ ನಮಗೆ ಖಳನಾಯಕ ಕಾಣುವುದಿಲ್ಲ, ಒಂದು ವ್ಯವಸ್ಥೆ ಕಾಣುತ್ತದೆ. ಬಿಡುವಿದ್ದಾಗ ನೀವೇ ಮಾಡಿ ನೋಡಿ. ಹತ್ತು ನಿಮಿಷ ಸಾಕು.

ಇದಕ್ಕೆಲ್ಲ ಬ್ರೆಕ್ಟ್ ಕೊಟ್ಟ ಮಾದರಿ ಬೀದಿಯದು. 1938ರಲ್ಲಿ ಬರೆದ ಒಂದು ಲೇಖನದಲ್ಲಿ ಅವನು ರಸ್ತೆ ಅಪಘಾತ ಕಂಡವನೊಬ್ಬನನ್ನು ತರುತ್ತಾನೆ. ಅಪಘಾತ ಆಗಿದೆ, ಜನ ಸೇರಿದ್ದಾರೆ. ನೋಡಿದವನು ಹೇಳುತ್ತಾನೆ: ಅವನು ಹೀಗೆ ಬಂದ, ಇವನು ಹೀಗೆ ತಿರುಗಿದ. ಮಾಡಿಯೂ ತೋರಿಸುತ್ತಾನೆ. ಅವನು ಒಳ್ಳೆಯ ನಟ ಆಗಿರಬೇಕಿಲ್ಲ. ಜಾಸ್ತಿ ಒಳ್ಳೆಯ ನಟ ಆಗಿದ್ದರೆ ಕೆಲಸ ಕೆಡುತ್ತದೆ. ಜನ ಅಪಘಾತ ಬಿಟ್ಟು 'ಎಷ್ಟು ಚೆನ್ನಾಗಿ ಮಾಡಿದ' ಅನ್ನುತ್ತಾರೆ. ಇಲ್ಲಿ ಬೇಕಿರುವುದು ಅದಲ್ಲ. ತಪ್ಪು ಯಾರದ್ದು, ಪರಿಹಾರ ಯಾರು ಕೊಡಬೇಕು ಅಂತ ತೀರ್ಮಾನ ಆಗಬೇಕು. ಹಾಗಾಗಿ ಸುತ್ತ ನಿಂತವರು ಅವನ ಮಾತು ತಡೆದು "ಇಲ್ಲ ಇಲ್ಲ, ಅವನು ಆ ಕಡೆಯಿಂದ ಬಂದ" ಅನ್ನಬಹುದು. ಅವನು ನಿಲ್ಲಿಸಿ, ತಿದ್ದಿಕೊಂಡು, ಮತ್ತೆ ಮಾಡುತ್ತಾನೆ. ನಾಟಕದ ನಡುವೆ ಹೀಗೆ ತಡೆದರೆ ಯಾರಿಗೂ ಅವಮಾನ ಆಗದಂಥ ರಂಗಭೂಮಿ ಬೇಕು ಅನ್ನುವುದು ಅವನ ಆಸೆ.

ನಮ್ಮ ರಂಗದವರು ಇದನ್ನು 'ಏಲಿಯನೇಷನ್', ಅಂದರೆ ದೂರವಾಗಿಸುವುದು, ಅನ್ನುತ್ತಾರೆ. ಈ ಪದದಿಂದ ಆದ ತೊಂದರೆ ಅಷ್ಟಿಷ್ಟಲ್ಲ. ದೂರ ಇಡಬೇಕು, ಭಾವನೆ ಇರಬಾರದು, ನಟ ಮರದ ಬೊಂಬೆಯ ಹಾಗೆ ಮಾತಾಡಬೇಕು ಅಂತ ಎಷ್ಟೋ ಜನ ತಿಳಿದುಕೊಂಡುಬಿಟ್ಟರು. ಬ್ರೆಕ್ಟ್ ಬಳಸಿದ ಜರ್ಮನ್ ಪದದ ಅರ್ಥ ಹತ್ತಿರ ಹತ್ತಿರ 'ಹೊಸದೆನ್ನುವಂತೆ ಮಾಡು', 'ವಿಚಿತ್ರವೆನ್ನುವಂತೆ ಮಾಡು' ಅಂತ. ದಿನಾ ನೋಡಿ ನೋಡಿ ಕಣ್ಣಿಗೆ ಬೀಳದೆ ಹೋದದ್ದನ್ನು 'ಅರೆ, ಇದು ಯಾಕೆ ಹೀಗಿದೆ' ಅನ್ನಿಸುವುದು. ಭಾವನೆ ಬೇಡ ಅಂತ ಅವನು ಹೇಳಿದ್ದಲ್ಲ. ಪಾತ್ರದ ಭಾವನೆಯೇ ನನ್ನದೂ ಆಗಬೇಕಾಗಿಲ್ಲ ಅಂದ, ಅಷ್ಟೇ. ಪಾತ್ರ ನಗುವಾಗ ನನಗೆ ಸಿಟ್ಟು ಬರಬಹುದಲ್ವಾ?

1935ರಲ್ಲಿ ಮಾಸ್ಕೋದಲ್ಲಿ ಬ್ರೆಕ್ಟ್ ಚೀನಾದ ಪ್ರಸಿದ್ಧ ನಟ ಮೇ ಲಾನ್‌ಫಾಂಗ್ ಅವರ ಅಭಿನಯ ನೋಡಿದ. ಸ್ತ್ರೀಪಾತ್ರಗಳಿಗೆ ಹೆಸರಾದ ನಟ. ವೇಷ ಇಲ್ಲ, ಬಣ್ಣ ಇಲ್ಲ. ಸೂಟ್ ಹಾಕಿಕೊಂಡೇ ಒಂದು ಹೆಣ್ಣಿನ ನಡೆಯನ್ನು ತೋರಿಸಿದರು. ನಟ ಬೇರೆ, ತೋರಿಸುತ್ತಿರುವ ಪಾತ್ರ ಬೇರೆ ಅನ್ನುವುದು ಒಟ್ಟಿಗೇ ಕಾಣುತ್ತಿತ್ತು. ಬ್ರೆಕ್ಟ್ ಬೆರಗಾದ, ಮುಂದಿನ ವರ್ಷ ಅದರ ಮೇಲೆ ಬರೆದ. ಆದರೆ ಒಂದು ತಮಾಷೆ ಇದೆ. ಅವನಿಗೆ ವಿಚಿತ್ರವಾಗಿ ಕಂಡ ಆ ನಡೆ ಚೀನೀ ಪ್ರೇಕ್ಷಕರಿಗೆ ಮನೆ ಮಾತಿನಷ್ಟೇ ರೂಢಿ. ಅವರಿಗೆ ಅದರಲ್ಲಿ ಚುಚ್ಚುವಂಥದ್ದು ಏನೂ ಇಲ್ಲ. ಅಂದರೆ ಹೊಸತನ ತಂತ್ರದ ಒಳಗೆ ಕೂತಿರುವುದಿಲ್ಲ. ಯಾರು ನೋಡುತ್ತಿದ್ದಾರೆ, ಅವರಿಗೆ ಏನು ರೂಢಿಯಾಗಿದೆ ಅನ್ನುವುದರಲ್ಲಿ ಇರುತ್ತದೆ. ಇದನ್ನು ಮರೆತರೆ ಎಲ್ಲ ಕೆಡುತ್ತದೆ.

ಹೇಗೆ ಕೆಡುತ್ತದೆ ಅಂತ ಹೇಳಲು ನನ್ನದೇ ಕಥೆ ಇದೆ. ಹುಡುಗರಾಗಿದ್ದಾಗ ನಾವು ಕೆಲವರು ಸೇರಿ ಒಂದು ನಾಟಕ ಮಾಡಿದೆವು. ಓದಿಕೊಂಡ ತಂತ್ರಗಳನ್ನೆಲ್ಲ ಅದರಲ್ಲಿ ತುರುಕಿದ್ದೆವು. ದೃಶ್ಯಕ್ಕೊಂದು ಫಲಕ. ಮಾತಿನ ನಡುವೆ ಎಲ್ಲರೂ ಕಲ್ಲಾಗಿ ನಿಲ್ಲುವುದು. ನಟರು ವೇದಿಕೆ ಇಳಿದು ಬೆರಳು ತೋರಿಸಿ "ನೀವು ಏನು ಮಾಡುತ್ತಿದ್ದೀರಿ?" ಅಂತ ಕೇಳುವುದು. ಅದನ್ನಂತೂ ನಾನೇ ಕೇಳುತ್ತಿದ್ದೆ, ಗಂಟಲು ಹರಿಯುವ ಹಾಗೆ. ಭರ್ಜರಿ ಚಪ್ಪಾಳೆ ಬಿತ್ತು. ಆಟ ಮುಗಿದ ಮೇಲೆ ಒಬ್ಬ ಹಿರಿಯರು ಹತ್ತಿರ ಬಂದು ಕೈ ಕುಲುಕಿದರು. "ತುಂಬಾ ಚೆನ್ನಾಗಿತ್ತಪ್ಪ. ನಾನು ಯಾವಾಗಲೂ ಹೇಳುತ್ತಿದ್ದುದನ್ನೇ ನೀವೂ ಹೇಳಿದಿರಿ" ಅಂದರು.

ಆವತ್ತು ಹಿಗ್ಗಿ ಹೀರೇಕಾಯಿ ಆಗಿದ್ದೆ. ಅದು ಹೊಗಳಿಕೆ ಅಲ್ಲ ಅಂತ ಹೊಳೆಯಲು ವರ್ಷಗಳೇ ಬೇಕಾದವು. ಅವರು ಬರುವಾಗ ತಂದ ಅಭಿಪ್ರಾಯವನ್ನೇ ಇಸ್ತ್ರಿ ಮಾಡಿ ವಾಪಸ್ ಕೊಟ್ಟು ಕಳಿಸಿದ್ದೆವು. ನಮ್ಮ ನಾಟಕದಲ್ಲಿ ಕೆಟ್ಟವನು ಕೆಟ್ಟವನಾಗಿಯೇ ಇದ್ದ, ಒಳ್ಳೆಯವನು ಒಳ್ಳೆಯವನಾಗಿಯೇ. ವಾಪಸ್ ಹೋಗುವ ನಾಣ್ಯ ಯಾರ ಕೈಯಲ್ಲೂ ಇರಲಿಲ್ಲ.

ಫಲಕ, ದೀಪ ಇವುಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ದೃಶ್ಯ ಶುರುವಾಗುವ ಮೊದಲೇ ಅದರಲ್ಲಿ ಏನಾಗುತ್ತದೆ ಅಂತ ಫಲಕ ಹೇಳಿಬಿಡುತ್ತದೆ. ಮಗ ಸಾಯುತ್ತಾನೆ ಅಂತ ಗೊತ್ತಾದ ಮೇಲೆ 'ಮುಂದೇನು' ಅನ್ನುವ ಕುತೂಹಲ ಸತ್ತು 'ಹೇಗೆ, ಯಾಕೆ' ಅನ್ನುವುದು ಹುಟ್ಟುತ್ತದೆ. ದೀಪದ ಬುಡ್ಡಿಗಳನ್ನು ಮುಚ್ಚದೆ ತೋರಿಸುವುದು ಇದು ಕಟ್ಟಿದ ಆಟ ಅಂತ ನೆನಪಿಸಲು. ಕಟ್ಟಿದ್ದು ಅಂದ ಮೇಲೆ ಬಿಚ್ಚಲೂಬಹುದು. 1920ರ ದಶಕದಲ್ಲೇ ಜರ್ಮನ್ ನಿರ್ದೇಶಕ ಎರ್ವಿನ್ ಪಿಸ್ಕಾಟರ್ ವೇದಿಕೆಯ ಮೇಲೆ ಸಿನಿಮಾ ತುಣುಕು, ಅಂಕಿಅಂಶ ಎಲ್ಲ ತಂದಿದ್ದ. ಆ ಕಾಲಕ್ಕೆ ದೊಡ್ಡ ಮಾತು. ಇವತ್ತು ಜಾಹೀರಾತಿನಲ್ಲಿ ಸೋಪು ಮಾರುವವನೂ ಕ್ಯಾಮೆರಾ ನೋಡಿ ಕಣ್ಣು ಮಿಟುಕಿಸುತ್ತಾನೆ. ನಾಲ್ಕನೇ ಗೋಡೆ, ಅಂದರೆ ವೇದಿಕೆಗೂ ಪ್ರೇಕ್ಷಕರಿಗೂ ನಡುವೆ ಇದೆ ಅಂದುಕೊಳ್ಳುವ ಕಾಣದ ಗೋಡೆ, ಒಡೆದರೆ ಯಾರಿಗೂ ದಿಗಿಲಾಗುವುದಿಲ್ಲ.

ಹಾಗಾದರೆ ಬ್ರೆಕ್ಟ್‌ನ ನಾಟಕ ಅವನ ಕಾಲದಲ್ಲಾದರೂ ಅವನು ಅಂದುಕೊಂಡಂತೆ ಕೆಲಸ ಮಾಡಿತಾ? ಮಾಡಲಿಲ್ಲ. ನನಗೆ ಇಷ್ಟವಾಗುವ ಭಾಗ ಇದು. 'ಮದರ್ ಕರೇಜ್' ಮೊದಲು ಆಡಿದ್ದು 1941ರಲ್ಲಿ, ಜ್ಯೂರಿಕ್‌ನಲ್ಲಿ. ಬ್ರೆಕ್ಟ್ ಆಗ ದೇಶಭ್ರಷ್ಟ, ಅಲ್ಲಿರಲಿಲ್ಲ. ವಿಮರ್ಶಕರು ತಾಯಿಯ ಸಂಕಟದ, ಎಲ್ಲವನ್ನೂ ತಾಳಿಕೊಳ್ಳುವ ಅವಳ ಶಕ್ತಿಯ ಗುಣಗಾನ ಮಾಡಿದರು. ಅವನಿಗೆ ಬೇಕಾಗಿದ್ದು ಯುದ್ಧದಲ್ಲಿ ಲಾಭ ಹುಡುಕುವ ಸಣ್ಣ ವ್ಯಾಪಾರಿ. ಅವರಿಗೆ ಕಂಡದ್ದು ಮಹಾತಾಯಿ.

ಬರ್ಲಿನ್ ಪ್ರಯೋಗಕ್ಕೆ ಅವನು ನಾಟಕವನ್ನೇ ತಿದ್ದಿದ. ಗಾಯಾಳುಗಳಿಗೆ ಪಟ್ಟಿ ಕಟ್ಟಲು ಬಟ್ಟೆ ಬೇಕಾಗುವ ಒಂದು ದೃಶ್ಯ ಇದೆ. ಅವಳ ಬಂಡಿಯಲ್ಲಿ ಮಾರಲು ಇಟ್ಟ ಅಧಿಕಾರಿಗಳ ಅಂಗಿಗಳಿವೆ. ಮೊದಲ ರೂಪದಲ್ಲಿ ಅವಳೇ ಕೊಡುತ್ತಿದ್ದಳು. ತಿದ್ದಿದ ರೂಪದಲ್ಲಿ ಕೊಡಲು ಒಪ್ಪುವುದಿಲ್ಲ, ಬೇರೆಯವರು ಕಿತ್ತುಕೊಳ್ಳಬೇಕು. ಮೊದಲನೇ ದೃಶ್ಯವನ್ನೂ ಬದಲಿಸಿದ. ಅವಳು ಒಂದು ಬೆಲ್ಟಿನ ಬಕಲ್ ಮಾರುವ ಚೌಕಾಸಿಯಲ್ಲಿ ಮುಳುಗಿರುವಾಗಲೇ ದೊಡ್ಡ ಮಗನನ್ನು ಸೈನ್ಯಕ್ಕೆ ಕರೆದುಕೊಂಡು ಹೋಗುತ್ತಾರೆ. ಒಂದೊಂದು ಕಡೆಯೂ ಅವಳ ಮುಂದೆ ಇನ್ನೊಂದು ದಾರಿ ಇತ್ತು ಅನ್ನುವುದು ಕಾಣಬೇಕು.

ಜನ ಆಗಲೂ ಅತ್ತರು. ವೈಗೆಲ್ ಅಳಿಸಿದ್ದು ಹೇಗೆ ಅಂತ ಕೇಳಿ. ಎರಡನೇ ಮಗನನ್ನು ಬಿಡಿಸಲು ಲಂಚ ಕೊಡಬೇಕು. ಇವಳು ಎಷ್ಟು ಕೊಡಬೇಕು ಅಂತ ಎಳೆದಾಡುತ್ತಾ ಹೊತ್ತು ಕಳೆಯುತ್ತಾಳೆ. ಅಷ್ಟರಲ್ಲಿ ದೂರದಿಂದ ಗುಂಡಿನ ಸದ್ದು. ವೈಗೆಲ್ ಕತ್ತು ಹಿಂದಕ್ಕೆ ಚೆಲ್ಲಿ ಬಾಯಿ ಪೂರ್ತಿ ತೆರೆದಳು. ಸದ್ದೇ ಬರಲಿಲ್ಲ. ಆ ಮುಖಭಾವ ಎಲ್ಲಿಂದ ಬಂದಿರಬಹುದು ಅಂತ ಬ್ರೆಕ್ಟ್ ಬರೆದಿಟ್ಟಿದ್ದಾನೆ. ಸಿಂಗಾಪುರದ ಮೇಲೆ ಶೆಲ್ ದಾಳಿ ನಡೆದಾಗ, ಸತ್ತ ಮಗನ ಹೆಣದ ಮುಂದೆ ಕುಕ್ಕರಿಸಿದ್ದ ಒಬ್ಬ ಭಾರತೀಯ ಹೆಂಗಸಿನ ಪತ್ರಿಕಾ ಫೋಟೊದಿಂದ. ಹೆಸರು ಗೊತ್ತಿಲ್ಲದ ಯಾವಳೋ ತಾಯಿಯ ಕೂಗು ಹಾಗೆ ಬರ್ಲಿನ್ನಿನ ವೇದಿಕೆ ಸೇರಿತು.

ಅದನ್ನು ನೋಡಿ ಅಳದೆ ಇರುವುದು ಹೇಗೆ? ಅತ್ತರೆ ತಪ್ಪು ಅಂತ ನನಗನ್ನಿಸುವುದಿಲ್ಲ. ಅತ್ತ ಕಣ್ಣಿಗೇ ಆಮೇಲೆ ಆ ನಾಣ್ಯ ಕಾಣಬೇಕು. ನಾಟಕ ಮುಗಿದ ಮೇಲೂ ಇವಳು ಬುದ್ಧಿ ಕಲಿಯಲಿಲ್ಲವಲ್ಲ, ಕೊನೆಯಲ್ಲಾದರೂ ಯುದ್ಧವನ್ನು ಶಪಿಸಬಾರದಿತ್ತೇ ಅಂತ ಬ್ರೆಕ್ಟ್‌ನನ್ನು ಕೇಳಿದವರಿದ್ದರು. ಅವಳು ಕಲಿಯದಿದ್ದರೂ ಅವಳನ್ನು ನೋಡಿ ಪ್ರೇಕ್ಷಕ ಕಲಿಯಬಹುದು ಅನ್ನುವುದು ಅವನ ವಾದವಾಗಿತ್ತು. ವಾದ ಸರಿಯೇ. ಆದರೆ ಪ್ರೇಕ್ಷಕ ಕಲಿತದ್ದು ಗೊತ್ತಾಗುವುದು ಹೇಗೆ? ಅವನು ಕತ್ತಲಲ್ಲಿ ಕೂತಿದ್ದಾನಲ್ಲ.

ಕತ್ತಲಿಂದ ಉತ್ತರ ಬಂದ ಒಂದು ಪ್ರಸಂಗ ಬ್ರೆಕ್ಟ್‌ನ ಬದುಕಲ್ಲೇ ಇದೆ. 1930ರಲ್ಲಿ ಶಾಲಾ ಮಕ್ಕಳು ಆಡಲಿ ಅಂತ ಒಂದು ಪುಟ್ಟ ಸಂಗೀತ ನಾಟಕ ಬರೆದ. ಜಪಾನಿನ 'ನೋ' ಅನ್ನುವ ಸಾಂಪ್ರದಾಯಿಕ ರಂಗಪ್ರಕಾರದ ನಾಟಕವೊಂದರ ಕಥೆ, ಸಂಗೀತ ಕುರ್ಟ್ ವೈಲ್‌ನದು. ಕಾಯಿಲೆ ಬಿದ್ದ ತಾಯಿಗೆ ಔಷಧ ತರಲು ಒಬ್ಬ ಹುಡುಗ ದೊಡ್ಡವರ ಜೊತೆ ಬೆಟ್ಟ ಹತ್ತುತ್ತಾನೆ. ದಾರಿಯಲ್ಲಿ ಅವನಿಗೇ ಹುಷಾರು ತಪ್ಪುತ್ತದೆ. ಹೀಗಾದವನನ್ನು ಕಣಿವೆಗೆ ಎಸೆದು ಮುಂದೆ ಹೋಗಬೇಕು ಅಂತ ಹಳೆಯ ಪದ್ಧತಿ. ಅವನ ಒಪ್ಪಿಗೆ ಕೇಳಬೇಕು ಅನ್ನುವುದೂ ಪದ್ಧತಿ, ಅವನು ಹೂಂ ಅನ್ನಬೇಕು ಅನ್ನುವುದೂ ಪದ್ಧತಿ. ಹುಡುಗ ಹೂಂ ಅನ್ನುತ್ತಾನೆ.

ಬರ್ಲಿನ್ನಿನ ನಾಯ್‌ಕೋಲ್ನ್ ಬಡಾವಣೆಯ ಒಂದು ಶಾಲೆಯ ಮಕ್ಕಳು ಇದನ್ನು ಚರ್ಚೆ ಮಾಡಿದರು. ಅವರಿಗೆ ಅದು ಒಪ್ಪಿಗೆಯಾಗಲಿಲ್ಲ. ಹುಡುಗ ಯಾಕೆ ಹೂಂ ಅನ್ನಬೇಕು? ಬ್ರೆಕ್ಟ್ ಅವರ ತಕರಾರನ್ನು ಕೇಳಿಸಿಕೊಂಡು ನಾಟಕ ತಿದ್ದಿದ. ಅಷ್ಟೇ ಅಲ್ಲ, ಅದರ ಜೊತೆಗೆ ಆಡಲು ಇನ್ನೊಂದನ್ನು ಬರೆದ. ಅದರಲ್ಲಿ ಹುಡುಗ ಊಹೂಂ ಅನ್ನುತ್ತಾನೆ. ಹಳೆಯ ಪದ್ಧತಿಯಲ್ಲಿ ನನಗೆ ಅರ್ಥ ಕಾಣುತ್ತಿಲ್ಲ, ಪ್ರತಿ ಹೊಸ ಸಂದರ್ಭದಲ್ಲಿ ಹೊಸದಾಗಿ ಯೋಚಿಸುವ ಪದ್ಧತಿ ಬೇಕು ಅನ್ನುತ್ತಾನೆ. ಎಲ್ಲರೂ ಅವನನ್ನು ಕರೆದುಕೊಂಡು ವಾಪಸ್ ಹೊರಡುತ್ತಾರೆ. 'ಇದಲ್ಲ, ಅದು' ಅನ್ನುವುದು ಇಲ್ಲಿ ನಟನ ಕೈಯಿಂದ ನೋಡುವವರ ಬಾಯಿಗೆ ದಾಟಿತು. ಬ್ರೆಕ್ಟ್ ಈ ದಾರಿಯಲ್ಲಿ ಇನ್ನೂ ದೂರ ಹೋಗಬಹುದಿತ್ತು. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದು ಅವನು ದೇಶ ಬಿಡಬೇಕಾಯಿತು.

ದೂರ ಹೋದವನು ಬ್ರೆಜಿಲ್ಲಿನ ರಂಗಕರ್ಮಿ ಆಗಸ್ಟೋ ಬೋಆಲ್. ಅವನೂ ಪೆಟ್ಟು ತಿಂದೇ ಕಲಿತವನು, ಅದನ್ನು ತಾನೇ ಹೇಳಿಕೊಂಡಿದ್ದಾನೆ. ತಂಡ ಕಟ್ಟಿಕೊಂಡು ಈಶಾನ್ಯ ಬ್ರೆಜಿಲ್ಲಿನ ರೈತರ ಮುಂದೆ ನಾಟಕ ಆಡಿದ. ಕೊನೆಯಲ್ಲಿ ನಟರೆಲ್ಲ ಬಂದೂಕು ಎತ್ತಿ, ನೆಲಕ್ಕಾಗಿ ರಕ್ತ ಕೊಡೋಣ ಅಂತ ಹಾಡಿದರು. ವಿರ್ಜಿಲಿಯೊ ಅನ್ನುವ ರೈತ ಕಣ್ಣೀರು ತುಂಬಿಕೊಂಡು ಬಂದ. ಬನ್ನಿ, ನಿಮ್ಮ ಬಂದೂಕು ತಗೊಂಡು ಈಗಲೇ ಹೋಗಿ ಜಮೀನ್ದಾರನ ಕಡೆಯವರನ್ನು ಓಡಿಸೋಣ ಅಂದ. ಇವು ನಾಟಕದ ಬಂದೂಕು, ಹಾರುವುದಿಲ್ಲ ಅಂದರು. ಪರವಾಗಿಲ್ಲ, ನಮ್ಮ ಹತ್ತಿರ ನಿಜವಾದವು ಇವೆ, ನೀವು ಬನ್ನಿ ಅಂದ. ನಾವು ನಟರು, ರೈತರಲ್ಲ ಅಂತ ತಡವರಿಸಿದರು. ಹಾಗಾದರೆ ಕೊಡೋಣ ಅಂದಿರಲ್ಲ ರಕ್ತ, ಅದು ನಮ್ಮದಾ ಅನ್ನುವ ಅರ್ಥದಲ್ಲಿ ಅವನು ಕೇಳಿದ. ನಾನು ಹೋಗದ ದಾರಿಗೆ ಬೇರೆಯವರನ್ನು ಕಳಿಸುವ ನಾಟಕ ಇನ್ನು ಬೇಡ ಅಂತ ಬೋಆಲ್ ತೀರ್ಮಾನ ಮಾಡಿದ. ನಮ್ಮ ಬೆರಳು ತೋರಿಸುವ ನಾಟಕಕ್ಕೂ ಒಬ್ಬ ವಿರ್ಜಿಲಿಯೊ ಸಿಕ್ಕಿದ್ದರೆ ಅನ್ನಿಸುತ್ತದೆ.

1971ರಲ್ಲಿ ಮಿಲಿಟರಿ ಸರ್ಕಾರ ಬೋಆಲ್‌ನನ್ನು ಹಿಡಿದು ಹಿಂಸಿಸಿ ದೇಶದಿಂದ ಹೊರಹಾಕಿತು. 1973ರಲ್ಲಿ ಪೆರುವಿನ ಸಾಕ್ಷರತಾ ಕಾರ್ಯಕ್ರಮದಲ್ಲಿ ಅವನು ಕೆಲಸ ಮಾಡುತ್ತಿದ್ದ. ಅಲ್ಲಿ ನಾಟಕವನ್ನು ಬಿಕ್ಕಟ್ಟಿನ ಕ್ಷಣದಲ್ಲಿ ನಿಲ್ಲಿಸಿ, ಮುಂದೇನು ಮಾಡಬೇಕು ಅಂತ ಜನರನ್ನು ಕೇಳುತ್ತಿದ್ದ. ಅವರು ಹೇಳಿದ್ದನ್ನು ನಟರು ಮಾಡುತ್ತಿದ್ದರು. ಓದು ಬಾರದ ಒಬ್ಬ ಹೆಂಗಸು ತನ್ನ ಕಥೆ ಹೇಳಿಕೊಂಡಳು. ಮನೆ ಕಟ್ಟಿಸುತ್ತೇನೆ ಅಂತ ಗಂಡ ಅವಳಿಂದ ದುಡ್ಡು ಇಸಿದುಕೊಂಡು, ರಸೀದಿ ಅಂತ ಕಾಗದಗಳನ್ನು ಕೊಡುತ್ತಿದ್ದ. ಜೋಪಾನವಾಗಿ ಇಟ್ಟಿದ್ದಳು. ಪಕ್ಕದವಳ ಹತ್ತಿರ ಓದಿಸಿದರೆ ಅವು ಅವನ ಪ್ರೇಯಸಿ ಬರೆದ ಪತ್ರಗಳು. ಗಂಡ ವಾಪಸ್ ಬರುವವನಿದ್ದಾನೆ, ಏನು ಮಾಡಲಿ?

ಒಬ್ಬೊಬ್ಬರು ಒಂದೊಂದು ಹೇಳಿದರು. ಅಳಲಿ, ಮನೆ ಬಿಟ್ಟು ಹೋಗಲಿ, ಬಾಗಿಲು ಹಾಕಿಕೊಳ್ಳಲಿ. ಒಬ್ಬ ಗಟ್ಟಿಗಿತ್ತಿ ಮಾತ್ರ "ಅವನ ಜೊತೆ ಸ್ಪಷ್ಟವಾಗಿ ಮಾತಾಡಬೇಕು, ಆಮೇಲೆ ಕ್ಷಮಿಸಬೇಕು" ಅಂದಳು. ನಟಿ ಮಾತಾಡಿ ತೋರಿಸಿದಳು. ಹಾಗಲ್ಲ, ಸ್ಪಷ್ಟವಾಗಿ. ಮತ್ತೆ ಮಾಡಿದರು. ಅದಲ್ಲ, ಸ್ಪಷ್ಟವಾಗಿ! ಕೊನೆಗೆ ಬೋಆಲ್, ನೀವೇ ಬಂದು ತೋರಿಸಿ ಅಂದ. ಆಕೆ ವೇದಿಕೆ ಹತ್ತಿದಳು. ಪೊರಕೆ ತಗೊಂಡು ಗಂಡನ ಪಾತ್ರದ ನಟನಿಗೆ ನಾಲ್ಕು ಬಾರಿಸಿದಳು. ಆಮೇಲೆ ಕೂತು, ಈಗ ಹೋಗಿ ನನಗೆ ಊಟ ತಗೊಂಡು ಬಾ ಅಂದಳು. 'ಸ್ಪಷ್ಟವಾಗಿ' ಅನ್ನುವ ಪದಕ್ಕೆ ಅವಳ ನಿಘಂಟಿನಲ್ಲಿ ಇದ್ದ ಅರ್ಥ ಯಾವ ನಟಿಗೂ ಹೊಳೆಯುವಂತಿರಲಿಲ್ಲ. ಫೋರಂ ಥಿಯೇಟರ್ ಹುಟ್ಟಿದ್ದು ಅಲ್ಲಿ.

ಅದರ ನಿಯಮ ಸರಳ. ಸೋಲಿನಲ್ಲಿ ಮುಗಿಯುವ ಸಣ್ಣ ನಾಟಕವನ್ನು ಒಂದು ಸಲ ಪೂರ್ತಿ ಆಡುತ್ತಾರೆ. ಎರಡನೇ ಸಲ ಆಡುವಾಗ ಪ್ರೇಕ್ಷಕರಲ್ಲಿ ಯಾರಾದರೂ "ನಿಲ್ಲಿಸಿ" ಅಂದು ಬಂದು, ತುಳಿತಕ್ಕೆ ಒಳಗಾದವನ ಜಾಗದಲ್ಲಿ ನಿಂತು ಬೇರೆ ದಾರಿ ಪ್ರಯತ್ನಿಸಬಹುದು. ತುಳಿಯುವವನ ಪಾತ್ರ ಬದಲಿಸುವಂತಿಲ್ಲ. ಅವನು ಇದ್ದಕ್ಕಿದ್ದಂತೆ ಒಳ್ಳೆಯವನಾದರೆ ಆಟ ಅಲ್ಲಿಗೇ ಮುಗಿಯಿತು. ನಡೆಸಿಕೊಡುವವನನ್ನು 'ಜೋಕರ್' ಅನ್ನುತ್ತಾರೆ, ಇಸ್ಪೀಟಿನ ಜೋಕರ್, ಯಾವ ಬಣ್ಣಕ್ಕೂ ಸೇರದವನು. ಬಂದವರು ದಿಢೀರ್ ಪವಾಡ ಮಾಡಲು ಹೊರಟರೆ ಉಳಿದ ಪ್ರೇಕ್ಷಕರೇ "ಇದು ಮ್ಯಾಜಿಕ್, ನಡೆಯಲ್ಲ" ಅನ್ನಬಹುದು.

ಈ ಆಟದಲ್ಲೂ ಒಂದು ಅಪಾಯ ಇದೆ. ಜೋಕರ್ ಜಾಣನಲ್ಲದಿದ್ದರೆ ಎಲ್ಲ ಉತ್ತರವೂ 'ಅವಳು ಧೈರ್ಯ ಮಾಡಬೇಕಿತ್ತು' ಅನ್ನುವಲ್ಲಿಗೆ ಬಂದು ನಿಲ್ಲುತ್ತದೆ. ತುಳಿಸಿಕೊಂಡವಳ ತಲೆಗೇ ಮತ್ತೆ ಭಾರ. ಬೋಆಲ್‌ಗೆ ಇದು ಗೊತ್ತಿತ್ತು ಅನ್ನಿಸುತ್ತದೆ. 1992ರಲ್ಲಿ ರಿಯೊ ನಗರಸಭೆಗೆ ಆಯ್ಕೆಯಾದಾಗ ಅವನು ಫೋರಂ ನಾಟಕಗಳನ್ನು ಊರೆಲ್ಲ ಆಡಿಸಿದ. ಜನ ವೇದಿಕೆಯ ಮೇಲೆ ಎಲ್ಲಿ ಮತ್ತೆ ಮತ್ತೆ ಸೋಲುತ್ತಾರೋ ಅಲ್ಲಿ ಧೈರ್ಯ ಸಾಲದು, ಕಾನೂನೇ ಬೇಕು ಅಂತ ಲೆಕ್ಕ ಹಾಕಿ ಮಸೂದೆ ಬರೆಸಿದ. ಹಾಗೆ 13 ಕಾನೂನುಗಳು ಬಂದವು. ಅವನದೇ ಇನ್ನೊಂದು ತಂತ್ರ ಅದೃಶ್ಯ ರಂಗಭೂಮಿ. ಜನರಿಗೆ ಇದು ನಾಟಕ ಅಂತ ಗೊತ್ತೇ ಆಗದ ಹಾಗೆ ಹೋಟೆಲಲ್ಲೋ ರೈಲಲ್ಲೋ ಆಡುವುದು. ನನಗೆ ಅದು ಅಷ್ಟಾಗಿ ಒಗ್ಗುವುದಿಲ್ಲ. ಅಪಘಾತ ನೋಡಿದ ಬೀದಿಯ ಆ ಸಾಕ್ಷಿ, ತೋರಿಸುತ್ತಿದ್ದೇನೆ ಅಂತ ಹೇಳಿಯೇ ತೋರಿಸುತ್ತಿದ್ದ. ಇಲ್ಲಿ ಜನಕ್ಕೆ ತಡೆದು ತಿದ್ದುವ ಹಕ್ಕೇ ಇಲ್ಲ.

ಮಾತು ಮುಗಿಸಿದ ಮೇಲೆ ಸಭೆಯಲ್ಲಿ ಒಬ್ಬ ಹುಡುಗಿ ಕೇಳಿದಳು: "ಸರ್, ನಾಟಕದಿಂದ ಯಾರಾದರೂ ಬದಲಾದದ್ದನ್ನು ನೀವು ಕಣ್ಣಾರೆ ನೋಡಿದ್ದೀರಾ?"

ಬದಲಾದದ್ದನ್ನು ನೋಡಿಲ್ಲ, ನೋಡಿದ್ದು ಇಷ್ಟು ಅಂತ ಹೇಳಿದೆ. ಒಮ್ಮೆ ಒಂದು ಫೋರಂ ಆಟ. ಅದೇ ಸೂಪರ್‌ವೈಸರ್ ದೃಶ್ಯ. ಕೆಲಸಗಾರ ತಲೆ ತಗ್ಗಿಸಿ ಹೊರಟುಹೋಗುತ್ತಾನೆ. ಮೂರನೇ ಸಾಲಿನಲ್ಲಿ ಕೂತಿದ್ದ ಒಬ್ಬರು ಮೊದಲ ಸಲವೇ ಗೊಣಗುತ್ತಿದ್ದರು: "ಬಾಯಿ ಇಲ್ವಾ ಇವನಿಗೆ?" ಎರಡನೇ ಸಲ ಜೋರಾಗಿ "ನಿಲ್ಲಿಸಿ" ಅಂದರು. ಬಂದು ಮೇಜಿನ ಮುಂದೆ ನಿಂತರು. ಸೂಪರ್‌ವೈಸರ್ ಕಾಗದ ನೋಡುತ್ತಲೇ ಇದ್ದ. ಇವರು ಬಾಯಿ ತೆರೆದರು. ಮಾತು ಹೊರಡಲಿಲ್ಲ. ಹಾಗೇ ತುಂಬಾ ಹೊತ್ತು ನಿಂತಿದ್ದರು. ಯಾರೂ ನಗಲಿಲ್ಲ. ಆಮೇಲೆ ಇಳಿದು ಬಂದು ತಮ್ಮ ಕುರ್ಚಿಯಲ್ಲಿ ಕೂತು, ಪಕ್ಕದವರಿಗೆ ಕೇಳುವಷ್ಟೇ ಮೆಲ್ಲಗೆ ಅಂದರು: "ಇಲ್ಲಿ ಕೂತಿದ್ದಾಗ ಆ ಮೇಜು ಅಷ್ಟು ದೊಡ್ಡದಾಗಿ ಕಾಣ್ತಿರಲಿಲ್ಲ."